ವಾರಕ್ಕೊಂದ್ಸಲ ಜೊತೆಗೆ ಹೋಗ್ತೀನಿ ಅಂತ ಒಪ್ಕೊಂಡೆ, ಈಗ ಭಯ ಆಗ್ತಿದೆ

ಮೈಸೂರಲ್ಲಿ ನಮ್ಮ ಬೀದೀಲೇ ಒಬ್ರಿದಾರೆ, 31 ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದ್ಲೇ ಬರೋ ಬೌದ್ಧಿಕ ಅಂಗವೈಕಲ್ಯ). ಸ್ಪೆಷಲ್ ಸ್ಕೂಲ್ 18ಕ್ಕೆ ಮುಗೀತು, ಆಮೇಲೆ ಮನೆ, ಟೀವಿ, ಅಷ್ಟೇ. ಅವರಮ್ಮ "ಭಾನುವಾರ ಒಂದೆರಡು ಗಂಟೆ ಇವ್ನ ಜೊತೆ ಎಲ್ಲಾದ್ರೂ ಹೋಗ್ಬರ್ತೀಯೇನಪ್ಪ" ಅಂದ್ರು, ಹೂಂ ಅಂದ್ಬಿಟ್ಟೆ. ಅನುಭವ ಇರೋರು ಹೇಳಿ.

—

ನಾನು ಬೆಂಗ್ಳೂರಲ್ಲಿ ನಾಲ್ಕು ವರ್ಷದಿಂದ ಇದೇ ಥರ ಒಬ್ರ ಜೊತೆ ಓಡಾಡ್ತಿದೀನಿ. ಮೊದಲ್ನೇ ದಿನಾನೇ ಕಬ್ಬನ್ ಪಾರ್ಕು ಮೆಟ್ರೋ ಮಾಲು ಅಂತ ಎಲ್ಲಾ ಸುತ್ತಿಸ್ದೆ, ತಪ್ಪು ನನ್ದೇ, ಮಾಲಿನ ಗಲಾಟೆಗೆ ಕಿವಿ ಮುಚ್ಕೊಂಡು ಎಸ್ಕಲೇಟರ್ ಮುಂದೆ ಕೂತ್ಬಿಟ್ರು. ಈಗ ನಮ್ದು ಒಂದೇ ಹೋಟ್ಲು, ಒಂದೇ ಟೇಬಲ್ಲು. ಸಪ್ಲೈಯರ್ ನನ್ ಕಡೆ ತಿರುಗಿ "ಇವ್ರಿಗೇನ್ ಕೊಡ್ಲಿ ಸಾರ್" ಅಂತಿದ್ದ, ನಾನು ಉತ್ರ ಕೊಡ್ತಿರ್ಲಿಲ್ಲ, ಎರಡು ನಿಮಿಷ ಆದ್ರೂ ಸರಿ ಅವ್ರೇ ಹೇಳ್ಲಿ ಅಂತ. ಮೂರು ತಿಂಗಳಾದ್ಮೇಲೆ ಒಂದಿನ "ಖಾಲಿ ದೋಸೆ, ಸಾಗು ಬೇಡ, ಚಟ್ನಿ ಜಾಸ್ತಿ" ಅಂದ್ರು! ಬಿಲ್ಲಿಗೆ ಐವತ್ತು, ಇಪ್ಪತ್ತು, ಹತ್ತು ಅಂತ ನೋಟು ಕೌಂಟರ್ ಮೇಲೆ ಸಾಲಾಗಿ ಜೋಡಿಸ್ತಾರೆ, ಹಿಂದಿರೋರು ಗೊಣಗ್ತಾರೆ, ಗೊಣಗ್ಲಿ ಬಿಡಿ.

—

ನಾನು ಅಕ್ಕ ಆಗಿ ಹೇಳ್ತಿದೀನಿ. ನನ್ ತಮ್ಮನ್ನ ನೋಡೋಕೆ ಒಂದು ಸಂಸ್ಥೆಯಿಂದ ವಾಲಂಟಿಯರ್ ಹುಡುಗ ಬರ್ತಿದ್ದ, ಆರು ವಾರ, ಕಾಲೇಜ್ ಪ್ರಾಜೆಕ್ಟ್ ಮುಗೀತು ಅಂತ ಹೇಳ್ದೆ ಕೇಳ್ದೆ ನಿಲ್ಸ್ಬಿಟ್ಟ. ಇವನು ಪ್ರತಿ ಭಾನುವಾರ ಶೂ ಹಾಕ್ಕೊಂಡು ಗೇಟ್ ಹತ್ರ ನಿಂತಿರ್ತಿದ್ದ, ತಿಂಗಳುಗಟ್ಲೆ. ವಾರ ವಾರ ಆಗ್ದಿದ್ರೆ ತಿಂಗಳಿಗೊಂದ್ಸಲ ಅಂತ್ಲೇ ಹೇಳಿ, ಕ್ಯಾಲೆಂಡರಲ್ಲಿ ಅವ್ರ ಕೈಲೇ ರೌಂಡ್ ಹಾಕ್ಸಿ, ಬರಕ್ಕಾಗ್ದಿದ್ರೆ ಅಮ್ಮನಿಗಲ್ಲ, ಅವ್ರಿಗೇ ಫೋನ್ ಮಾಡಿ. ಮತ್ತೆ ದಯವಿಟ್ಟು "ದೇವರ ಮಗು" ಅನ್ಬೇಡಿ.

—

ಇಂಗ್ಲೆಂಡಲ್ಲಿದೀನಿ. ಇಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದ್ರೆ ನಮ್ಮೂರ ಥರ ಡಿಸ್ಲೆಕ್ಸಿಯಾ ಅಲ್ಲ, ಬೌದ್ಧಿಕ ಅಂಗವೈಕಲ್ಯ. ಅಂಥೋರಿಗಾಗೇ ಗಿಗ್ ಬಡೀಸ್ ಅಂತ ಒಂದು ಯೋಜನೆ ಇದೆ, ಸಸೆಕ್ಸಲ್ಲಿ ಶುರುವಾಗಿದ್ದು. ಸಂಗೀತ ಕಾರ್ಯಕ್ರಮ ರಂಗೇರೋ ಹೊತ್ತಿಗೆ, ಒಂಬತ್ತು ಗಂಟೆಗೇ ಇವ್ರೆಲ್ಲ ಎದ್ದು ಹೋಗ್ತಿದ್ರಂತೆ, ಯಾಕಂದ್ರೆ ನೋಡ್ಕೊಳೋರ ಶಿಫ್ಟ್ ಮುಗೀತಿತ್ತು! ಅದಕ್ಕೇ ಅದೇ ಥರ ಹಾಡು ಇಷ್ಟ ಪಡೋ ವಾಲಂಟಿಯರ್ ಹುಡುಕಿ ಜೋಡಿ ಮಾಡ್ತಾರೆ. ನಿಮ್ಮಿಬ್ರಿಗೂ ಇಷ್ಟ ಆಗೋದು ಏನಾದ್ರೂ ಇದ್ಯಾ ನೋಡಿ, ಇಲ್ದಿದ್ರೆ ಅದು ಡ್ಯೂಟಿ ಆಗ್ಬಿಡುತ್ತೆ.

—

ಮಾತ್ರೆ, ಅಲರ್ಜಿ, ಹಾರ್ಟ್ ತೊಂದ್ರೆ ಏನಾದ್ರೂ ಇದ್ಯಾ ಕೇಳ್ಕೊಳಿ, ಯುಡಿಐಡಿ ಕಾರ್ಡ್ (ಅಂಗವೈಕಲ್ಯ ಇರೋರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಜೆರಾಕ್ಸ್ ಒಂದು ಜೇಬಲ್ಲಿರ್ಲಿ. ಡೌನ್ ಸಿಂಡ್ರೋಮ್ ಇರೋ ಕೆಲವ್ರಿಗೆ ಕತ್ತಿನ ಕೀಲು ಸಡಿಲ ಇರುತ್ತೆ, ದಸರಾ ಎಕ್ಸಿಬಿಷನಲ್ಲಿ ಜೋರಾಗಿ ಎಗರಿಸೋ ಆಟಕ್ಕೆಲ್ಲ ಡಾಕ್ಟ್ರನ್ನ ಕೇಳ್ದೆ ಹತ್ತಿಸ್ಬೇಡಿ. ಅಂದ ಹಾಗೆ, ಅಮ್ಮ ಕೇಳಿದ್ರು ಸರಿ, ಅವ್ರನ್ನ ಕೇಳಿದ್ರಾ?

—

ಕೇಳಿರ್ಲಿಲ್ಲ, ಇವತ್ತು ಹೋಗಿ ಕೇಳ್ದೆ. ನಾನು ಕುಕ್ಕರಹಳ್ಳಿ ಕೆರೆ ಅಂದ್ಕೊಂಡಿದ್ದೆ, ಬೇಡ್ವಂತೆ. ಕಟಿಂಗ್ ಶಾಪಿಗೆ ಹೋಗ್ಬೇಕಂತೆ, ಇಷ್ಟ್ ವರ್ಷ ಅಪ್ಪಾನೇ ಮನೇಲಿ ಕತ್ತರಿಸ್ತಿದಾರಂತೆ. ಭಾನುವಾರ ಅಲ್ಲಿ ರಶ್ಶು, ಶನಿವಾರ ಸಂಜೆ ಐದಕ್ಕೆ ಅಂತ ಮಾತಾಯ್ತು.