ಕಾರಣ ಸಿಗದ ಲಕ್ವ: ನಿಮ್ಮ ಮನೆಯ ಅನುಭವ ತಿಳಿಸಿ

ಅಂಕೋಲಾ: ಬಿ.ಪಿ., ಶುಗರ್ ಯಾವುದೂ ಇಲ್ಲದ ನನ್ನ 34 ವರ್ಷದ ತಮ್ಮನಿಗೆ ಲಕ್ವ ಹೊಡೆದಿದ್ದು, ಕಾರಣ ಸಿಕ್ಕಿಲ್ಲ ಎನ್ನುತ್ತಿದ್ದಾರೆ. ಹಿಂದೆ 70 ದಾಟಿದ ಮಾವನವರಿಗೂ ಇದೇ ಮಾತು ಹೇಳಿದ್ದರು, ಆದರೆ ಇಬ್ಬರಿಗೂ ಬರೆದ ಪರೀಕ್ಷೆಗಳೇ ಬೇರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಶಿರಸಿ: ನನಗೆ ಆಗ 38. ಅಡಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಾಗ ಎಡಗೈಯಿಂದ ಕಾಯಿ ಜಾರಿತು. ಎತ್ತಿಕೊಂಡರೆ ಮತ್ತೆ ಜಾರಿತು, ಮೂರನೆಯ ಸಲ ಬೆರಳುಗಳೇ ಮಡಚಲಿಲ್ಲ. ಹುಬ್ಬಳ್ಳಿಯಲ್ಲಿ ಎಂಆರ್‌ಐ, ಕತ್ತಿನ ರಕ್ತನಾಳಗಳ ಆಂಜಿಯೊ, ಹೃದಯದ ಸ್ಕ್ಯಾನ್ ಆದ ಎಕೋ ಎಂದು 46,000 ರೂಪಾಯಿ ಖರ್ಚಾದ ಮೇಲೂ ಕಾರಣ ತಿಳಿಯಲಿಲ್ಲ. ಎರಡು ತಿಂಗಳ ನಂತರ ಬೇರೊಬ್ಬ ವೈದ್ಯರು ಕೈಯ ರಕ್ತನಾಳಕ್ಕೆ ಗುಳ್ಳೆಯೆಬ್ಬಿಸಿದ ಸಲೈನ್ ಕೊಟ್ಟು, ಉಸಿರು ಬಿಗಿಹಿಡಿದು ಬಿಡಲು ಹೇಳಿ ಎಕೋ ಮಾಡಿದಾಗ, ಗುಳ್ಳೆಗಳು ಹೃದಯದ ಬಲಗಡೆಯಿಂದ ಎಡಗಡೆಗೆ ದಾಟುವುದು ಪರದೆಯ ಮೇಲೆ ಕಂಡಿತು. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಪಿಎಫ್‌ಒ ಎಂಬ ರಂಧ್ರ ತೆರೆದೇ ಉಳಿದಿತ್ತು; ಹೆಪ್ಪುಗಟ್ಟಿದ ರಕ್ತ ಅದರ ಮೂಲಕ ದಾಟಿ ಮಿದುಳಿಗೆ ಹೋಗಬಹುದು. ಅದನ್ನು ಮುಚ್ಚಿಸಲು 3,80,000 ಬೇಕಾಯಿತು. ಒಂದು ವರ್ಷದ ಫಸಲು ಪೂರ್ತಿ ಅದಕ್ಕೇ ಹೋಯಿತು. ಆದರೂ ಮುಚ್ಚಿಸಿದ್ದೇ ಸರಿ.

ಕುಮಟಾ: ರಂಧ್ರದ ಹೆಸರು ಹೇಳಿ ಎಲ್ಲರನ್ನೂ ಹೆದರಿಸಬೇಡಿ. ಅದು ಆರೋಗ್ಯವಂತರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. 73ರ ನಮ್ಮ ಆಯಿಗೂ ಇತ್ತು. ಅದೇ ಕಾರಣವೆಂದು ನಂಬಿ ಎಂಟು ತಿಂಗಳು ಕಳೆಯುವಷ್ಟರಲ್ಲಿ ಎರಡನೆಯ ಲಕ್ವ ಬಂದು ಅವರ ಮಾತು ನಿಂತಿತು. 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಯಂತ್ರದಲ್ಲಿ ಏನೂ ಸಿಕ್ಕಿರಲಿಲ್ಲ. ಬಡಿತವನ್ನು ತಿಂಗಳುಗಟ್ಟಲೆ ಗಮನಿಸುವ ಲೂಪ್ ರೆಕಾರ್ಡರನ್ನು ಎದೆಯ ಚರ್ಮದಡಿ ಇಟ್ಟ ಐದನೆಯ ತಿಂಗಳು, ನಡುರಾತ್ರಿ ಹೃದಯ ತಾಳ ತಪ್ಪಿದ್ದು ದಾಖಲಾಯಿತು. ಹಾಗೆ ತಪ್ಪಿದಾಗ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಬಹುದು. ಕಾರಣ ಸಿಗದ ಲಕ್ವದವರ ಮೇಲೆ ನಡೆದ 2014ರ ಕ್ರಿಸ್ಟಲ್ ಎಎಫ್ ಅಧ್ಯಯನದಲ್ಲಿ ಆರು ತಿಂಗಳೊಳಗೆ ಈ ತಾಳ ತಪ್ಪುವಿಕೆ ಪತ್ತೆಯಾದದ್ದು ರೆಕಾರ್ಡರ್ ಇಟ್ಟವರಲ್ಲಿ ಶೇ. 8.9, ಇಡದವರಲ್ಲಿ ಬರೀ ಶೇ. 1.4. ವಯಸ್ಸಾದವರಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನು.

ಶಿರಸಿ: ನಾನು ಯಾರನ್ನೂ ಹೆದರಿಸಿಲ್ಲ. 2017ರ ಅಧ್ಯಯನಗಳು ರಂಧ್ರ ಮುಚ್ಚಿಸುವುದರಿಂದ ಲಾಭವಿದೆ ಎಂದು ತೋರಿಸಿದ್ದು 60 ವರ್ಷದೊಳಗಿನವರಲ್ಲಿ. ಇಲ್ಲಿ ಕೇಳಿದ್ದು 34ರ ಹುಡುಗನ ವಿಚಾರ. ನಿಮ್ಮ ಆಯಿಯ ಲೆಕ್ಕ ಅವನಿಗೆ ಹೊಂದುವುದಿಲ್ಲ.

ಕಾರವಾರ: ತಾಳ ತಪ್ಪಿದ್ದಕ್ಕೆ ಯಾವ ದಾಖಲೆಯೂ ಇಲ್ಲದೆ, ಬರೀ ವಯಸ್ಸು ನೋಡಿ, ನಮ್ಮ ಅಪ್ಪನಿಗೆ ರಕ್ತ ತೆಳುಮಾಡುವ ಮಾತ್ರೆ ಕೊಟ್ಟರು. ಹನ್ನೊಂದನೆಯ ವಾರ ಮಲ ಡಾಂಬರಿನಂತೆ ಕಪ್ಪಾಯಿತು. ಗೋವಾಕ್ಕೆ ಒಯ್ದು ನಾಲ್ಕು ಬಾಟಲಿ ರಕ್ತ ಕೊಡಿಸಿದೆವು, ಅದರಲ್ಲಿ ಒಂದು ನನ್ನ ಭಾವನದು. ಕಾರಣ ಸಿಗದ ಇಂಥ ಲಕ್ವದಲ್ಲಿ ರಿವರಾಕ್ಸಬಾನ್ ಎಂಬ ರಕ್ತ ತೆಳುಮಾಡುವ ಮಾತ್ರೆ ಆಸ್ಪಿರಿನ್‌ಗಿಂತ ಹೆಚ್ಚೇನೂ ತಡೆಯಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತು ಎಂದು 2018ರಲ್ಲೇ ಗೊತ್ತಾಗಿತ್ತು. ಕುಮಟಾದವರು ಇದನ್ನು ಹೇಳದೆ ಬಿಟ್ಟದ್ದು ಸರಿಯಲ್ಲ.

ಕುಮಟಾ: ಊಹೆಯ ಮೇಲೆ ಮಾತ್ರೆ ಕೊಡಿ ಎಂದು ನಾನೆಲ್ಲಿ ಬರೆದಿದ್ದೇನೆ? ಆಯಿಗೆ ಕೊಟ್ಟದ್ದು ದಾಖಲೆ ಕೈಗೆ ಬಂದ ಮೇಲೆ.

ಹೊನ್ನಾವರ: ನೀವೆಲ್ಲ ಹೃದಯದಲ್ಲೇ ಸಿಕ್ಕಿಕೊಂಡಿದ್ದೀರಿ. ನಮ್ಮ ಅಕ್ಕನಿಗೆ 29, ಹೃದಯದಲ್ಲಿ ದೋಷವೇನೂ ಇರಲಿಲ್ಲ. ಎರಡು ಸಲ ಗರ್ಭ ನಿಲ್ಲದೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಒಬ್ಬರು ಕೇಳಿ, ರಕ್ತ ಬೇಗ ಹೆಪ್ಪುಗಟ್ಟಿಸುವ ದೋಷವನ್ನು ಹುಡುಕುವ ಆಂಟಿಫಾಸ್ಫೊಲಿಪಿಡ್ ರಕ್ತಪರೀಕ್ಷೆ ಬರೆದರು. ಅದನ್ನು 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಲೇಬೇಕು. ಎರಡನೆಯದು ಮುಂದಿನ ಸೋಮವಾರ ಇದೆ.