ಹಾರ್ಟ್ ಫೇಲ್ಯೂರ್ ಇರುವ ಅಪ್ಪನ ಕಾಲಿಗೆ ಕರೆಂಟ್ ಕೊಡಿಸಬಹುದಾ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಎಕೋದಲ್ಲಿ ಹೃದಯದ ಪಂಪಿಂಗ್ 30 ಪರ್ಸೆಂಟ್ ಅಂತ ಬಂದಿದೆ. ಲಾಲ್‌ಬಾಗ್‌ನಲ್ಲಿ ದಿನಾ ವಾಕಿಂಗ್ ಮಾಡುತ್ತಿದ್ದವರು ಈಗ ಗೇಟಿನವರೆಗೆ ಹೋಗಿ ಹಾಲಿನ ಪ್ಯಾಕೆಟ್ ತಂದರೂ ಜಗಲಿ ಮೇಲೆ ಕೂತು ಏದುಸಿರು ಬಿಡುತ್ತಾರೆ. ಫಿಸಿಯೋ ಒಬ್ಬರು ತೊಡೆಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡೋಣ ಅಂದರು. ಹೃದಯದ ಕಾಯಿಲೆಗೆ ಕಾಲಿಗ್ಯಾಕೆ ಕರೆಂಟ್? ಸುಮ್ನೆ ದುಡ್ಡು ಕೀಳೋದಾ?

ಉತ್ತರ: ಹಾಗೇನಿಲ್ಲ ಸರ್, ನಾನೂ ಫಿಸಿಯೋನೇ. ಹೃದಯ ಸೋತಾಗ ಕಾಲಿನ ಸ್ನಾಯುಗಳೂ ಸೊರಗುತ್ತವೆ, ಸುಸ್ತಿಗೆ ಅದೂ ಒಂದು ಕಾರಣ. ಅದಕ್ಕೇ ನಡೆಯಲು ಆಗದವರಿಗೆ ತೊಡೆ, ಮೀನಖಂಡಕ್ಕೆ ಸಣ್ಣ ಕರೆಂಟ್ ಕೊಟ್ಟು, ಸ್ನಾಯು ತಾನಾಗಿ ಬಿಗಿದು ಸಡಿಲವಾಗುವ ಹಾಗೆ ಮಾಡುತ್ತೇವೆ. ಸಾಮಾನ್ಯವಾಗಿ ದಿನಕ್ಕೆ 30ರಿಂದ 60 ನಿಮಿಷ, ಕೆಲವು ವಾರ. 6 ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಜಾಸ್ತಿ ದೂರ ನಡೆದದ್ದು ಅಧ್ಯಯನಗಳಲ್ಲಿ ಕಂಡಿದೆ. ಪಂಪಿಂಗ್ ಏರುತ್ತೆ ಅಂತ ಮಾತ್ರ ಕಾಯಬೇಡಿ. ಸೈಕಲ್ ತುಳಿಯಬಲ್ಲವರಿಗೆ ಸೈಕಲ್ಲೇ ಮೇಲು.

ಉತ್ತರ: ಎದೆಯಲ್ಲಿ ಪೇಸ್‌ಮೇಕರ್ ಅಥವಾ ಐಸಿಡಿ (ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಮಾಡುವ ಸಾಧನ) ಇದೆಯಾ? ಹೊರಗಿನ ಕರೆಂಟನ್ನು ಅವು ಹೃದಯದ ಬಡಿತ ಅಂತ ತಪ್ಪು ತಿಳಿಯಬಹುದು, ಐಸಿಡಿಯಾದರೆ ಬೇಡದ ಶಾಕ್ ಕೊಡಬಹುದು. ಕಾರ್ಡಿಯಾಲಜಿಸ್ಟ್ ಒಪ್ಪದೆ ಮುಟ್ಟಬೇಡಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮಷೀನಂತೂ ಬೇಡವೇ ಬೇಡ.

ಉತ್ತರ: ನಮ್ಮಮ್ಮನಿಗೆ ಮಾಡಿಸಿದ್ವಿ. ಮೊದಲ ದಿನ "ಇರುವೆ ಹರಿದ ಹಾಗಿದೆ ಕಣೋ" ಅಂತ ಪ್ಯಾಡ್ ಕಿತ್ತುಹಾಕಿದ್ದರು! ತಿಂಗಳಾದ ಮೇಲೆ ಕುರ್ಚಿಯಿಂದ ತಾವೇ ಏಳತೊಡಗಿದರು.

ಪ್ರಶ್ನೆ ಕೇಳಿದವರು: ಅಯ್ಯೋ, ಹೋದ ವರ್ಷ ಐಸಿಡಿ ಹಾಕಿದ್ದಾರೆ. ಫಿಸಿಯೋ ಅದನ್ನು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. ನಾಳೆ ಮೊದಲು ಡಾಕ್ಟರ ಹತ್ತಿರ ಹೋಗುತ್ತೇನೆ.