ತೀವ್ರ ರಕ್ತಸ್ರಾವಕ್ಕೆ ಶೇ. 7.5ರ ಸಲೈನ್ ಎಷ್ಟು ಸುರಕ್ಷಿತ?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ):
ಅಪಘಾತದಲ್ಲಿ ವಿಪರೀತ ರಕ್ತ ಹೋದವರಿಗೆ ಎರಡು ಲೀಟರ್ ಸಾಮಾನ್ಯ (ಶೇ. 0.9ರ) ಸಲೈನ್ ಹರಿಸುವ ಬದಲು ಶೇ. 7.5ರ ಗಾಢ ಸಲೈನನ್ನು 250 ಮಿ.ಲೀ. ಕೊಟ್ಟರೆ ಸಾಕು, ರಕ್ತದೊತ್ತಡ ನಿಮಿಷಗಳಲ್ಲೇ ಏರುತ್ತದೆ ಎಂದು ಹಳೆಯ ಪಠ್ಯವೊಂದರಲ್ಲಿ ಓದಿದೆ. ನಮ್ಮ ತುರ್ತು ವಾರ್ಡಿನಲ್ಲಿರುವುದು ಶೇ. 3ರದ್ದು ಮಾತ್ರ, ಅದೂ ಮಿದುಳಿನ ಊತಕ್ಕೆ. ಇಷ್ಟು ಅನುಕೂಲವಾದದ್ದನ್ನು ಕೈಬಿಟ್ಟದ್ದು ಅಪಾಯದ ಕಾರಣಕ್ಕೋ?

ಉತ್ತರ 1 (ಅರಿವಳಿಕೆ ವೈದ್ಯ):
ಒತ್ತಡ ಏರುವುದು ನಿಜ. ಗಾಢ ಉಪ್ಪು ಜೀವಕೋಶಗಳೊಳಗಿನ ನೀರನ್ನು ರಕ್ತನಾಳಕ್ಕೆ ಸೆಳೆಯುತ್ತದೆ. 1980ರಲ್ಲಿ ಬ್ರೆಜಿಲಿನ ಸಂಶೋಧಕರು ರಕ್ತ ಕಳೆದುಕೊಂಡ ನಾಯಿಗಳಲ್ಲಿ ಇದನ್ನು ತೋರಿಸಿದಾಗ ಎಲ್ಲರಿಗೂ ಆಸೆ ಹುಟ್ಟಿದ್ದು ಸಹಜ. ಆದರೆ ಅಮೆರಿಕ ಮತ್ತು ಕೆನಡಾದಲ್ಲಿ ಆಂಬುಲೆನ್ಸ್ ಹಂತದಲ್ಲೇ ನಡೆಸಿ, ನಡುವೆಯೇ ನಿಲ್ಲಿಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾದಾಗ, 28ನೇ ದಿನಕ್ಕೆ ಬದುಕಿದ್ದವರು ಗಾಢ ಸಲೈನ್ ಪಡೆದವರಲ್ಲಿ ಶೇ. 73, ಸಾಮಾನ್ಯ ಸಲೈನ್ ಪಡೆದವರಲ್ಲಿ ಶೇ. 74.4 ಇದ್ದರು. ಮೊದಲ 24 ಗಂಟೆಗಳಲ್ಲಿ ರಕ್ತ ಪಡೆಯದವರ ಗುಂಪಿನಲ್ಲಂತೂ ಗಾಢ ದ್ರಾವಣ ಪಡೆದವರ ಸಾವುಗಳೇ ಹೆಚ್ಚಾಗಿದ್ದವು. ಒತ್ತಡದ ಅಂಕಿ ಚೆನ್ನಾಗಿ ಕಂಡದ್ದರಿಂದ ರಕ್ತ ಕೊಡುವುದು ತಡವಾಯಿತೇ ಎಂಬ ಅನುಮಾನ ಆಗಲೇ ಎದ್ದಿತ್ತು. ನನಗೂ ಅದೇ ಅನುಮಾನ.

ಪ್ರಶ್ನೆ ಕೇಳಿದವರು:
ಹಾಗಾದರೆ ಉಪ್ಪಿನ ಪ್ರಮಾಣವೇ ದೋಷವೇ?

ಉತ್ತರ 2 (ತುರ್ತು ಚಿಕಿತ್ಸಾ ವೈದ್ಯೆ):
ಲೆಕ್ಕ ಹಾಕಿ ನೋಡಿ. 250 ಮಿ.ಲೀ. ಗಾಢ ಸಲೈನಿನಲ್ಲಿ 18.75 ಗ್ರಾಂ ಉಪ್ಪು, ಎರಡು ಲೀಟರ್ ಸಾಮಾನ್ಯ ಸಲೈನಿನಲ್ಲಿ 18 ಗ್ರಾಂ. ಉಪ್ಪು ಹೆಚ್ಚುಕಡಿಮೆ ಒಂದೇ. ಜೊತೆಗೆ ಹೋಗುವ ನೀರು ಕಡಿಮೆಯಾದ್ದರಿಂದ ರಕ್ತದ ಸೋಡಿಯಂ ಥಟ್ಟನೆ ಏರುತ್ತದೆ. ಮೊದಲೇ ಬಹುದಿನಗಳಿಂದ ಸೋಡಿಯಂ ಕಡಿಮೆಯಿದ್ದವರಲ್ಲಿ ಆ ಏರಿಕೆ ಮಿದುಳಿನ ನರಗಳ ಹೊದಿಕೆಗೇ ಹಾನಿ ಮಾಡಬಲ್ಲದು. ಇನ್ನೊಂದು ಮಾತು: ಗಾಯದಿಂದ ರಕ್ತ ಇನ್ನೂ ಸೋರುತ್ತಿರುವಾಗ ಒತ್ತಡವನ್ನು ಒಮ್ಮೆಗೇ ಏರಿಸಿದರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಹೋಗಬಹುದು, ಇದು ಯಾವ ದ್ರಾವಣಕ್ಕಾದರೂ ಅನ್ವಯಿಸುತ್ತದೆ. ಆದ್ದರಿಂದ ಈಗ ನಾವು ಗಾಯವನ್ನು ಒತ್ತಿಹಿಡಿದು, ಗಾಯವಾದ ಮೂರು ಗಂಟೆಯೊಳಗೆ, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು, ರಕ್ತವನ್ನೂ ಪ್ಲಾಸ್ಮಾವನ್ನೂ ತರಿಸುತ್ತೇವೆ.

ಉತ್ತರ 3 (ಹಿರಿಯ ಶುಶ್ರೂಷಕಿ):
ಶೇ. 3ರ ಬಾಟಲಿ ಮತ್ತು ಸಾಮಾನ್ಯ ಸಲೈನಿನ ಬಾಟಲಿ ದೂರದಿಂದ ಒಂದೇ ತರಹ ಕಾಣುತ್ತವೆ. ರಾತ್ರಿ ಪಾಳಿಯಲ್ಲಿ ಒಮ್ಮೆ ನನ್ನ ಕೈಯೇ ತಪ್ಪು ಬಾಟಲಿಗೆ ಹೋಗಿತ್ತು, ಲೇಬಲ್ ಓದಿ ಹಿಂತೆಗೆದೆ. ಅಂದಿನಿಂದ ಶೇ. 3ರ ಬಾಟಲಿಗೆ ಕೆಂಪು ಪಟ್ಟಿ ಅಂಟಿಸಿ ಬೇರೆ ಕಪಾಟಿನಲ್ಲಿ ಇಡುತ್ತಿದ್ದೇವೆ.